ಲಗಮವ್ವನ ಕಾಕಡ, ಗುರಣ್ಣನ ಗಡ್ಡ

ಇಚಲಕರಂಜಿಯ ಮಗ್ಗದ ಕೆಲಸಗಾರ ಗುರಣ್ಣನ ಗಡ್ಡ ಒಂದು ಗೇಣು ಬೆಳೆದದ್ದಕ್ಕೆ ಕಾರಣ ಅವನ ಹೆಂಡತಿಗೆ ಒಂದು ಕಡೆ ನಿಲ್ಲಲು ಬಾರದೇ ಇದ್ದದ್ದು. ಇವೆರಡಕ್ಕೂ ಏನು ನಂಟು ಎಂದು ಕೇಳುವವರು, ಮನೆಯಲ್ಲಿ ಯಾರೂ ಹರಕೆ ಹೊರದೇ ಇರುವ ಪುಣ್ಯವಂತರಿರಬೇಕು.

ಹೆಂಡತಿಯ ಹೆಸರು ಲಗಮವ್ವ. ಹುಟ್ಟಿದ್ದು ಗಡಹಿಂಗ್ಲಜ ತಾಲೂಕಿನ ನೂಲದಲ್ಲಿ. ಊರಿನ ಹೆಸರು ನೂಲ ಎಂದಿದ್ದರೂ ಅಲ್ಲಿ ಬೆಳೆಯುವುದು ಜೋಳ, ಶೇಂಗಾ, ಮೆಣಸಿನಕಾಯಿ. ನೂಲಿನ ಎಳೆಯನ್ನು ಅವಳು ಕಣ್ತುಂಬ ಕಂಡದ್ದು ಮದುವೆಯಾಗಿ ಇಚಲಕರಂಜಿಗೆ ಬಂದ ಮೇಲೆಯೇ. ಒಂಬತ್ತನೇ ತಿಂಗಳಿಗೆ ನಡೆಯಲು ಕಲಿತ ಮಗಳು ಆಮೇಲೆ ಕುಳಿತದ್ದನ್ನು ತಾನು ನೋಡಿಲ್ಲ ಎಂದು ಅವಳ ತಾಯಿ ಹೇಳುತ್ತಿದ್ದಳು. ಹೆಣ್ಣು ನೋಡಲು ಬಂದವರ ಮುಂದೆ ಮಣೆಯ ಮೇಲೆ ತಲೆ ತಗ್ಗಿಸಿ ಕೂಡಬೇಕಾದ ಹೊತ್ತಿನಲ್ಲಿ ಎದ್ದು ಹೋಗಿ, ಅಂಗಳದಲ್ಲಿ ಬಿಚ್ಚಿಕೊಂಡಿದ್ದ ಕರುವನ್ನು ಕಟ್ಟಿ ಬಂದಳು. ಮದುವೆಯ ದಿನ ಅಕ್ಷತೆ ಬೀಳುತ್ತಿರುವಾಗ ವರನ ಬಾಸಿಂಗ ಸೊಟ್ಟಗಿದೆ ಎಂದು ತಾನೇ ಕೈ ಚಾಚಿ ನೆಟ್ಟಗೆ ಮಾಡಿದಳು. ಬೀಗಿತಿಯರು ಬಾಯಿಗೆ ಸೆರಗು ಹಚ್ಚಿದರು. ಗುರಣ್ಣನಿಗೆ ಮಾತ್ರ ಅದು ಹಿತವಾಗಿತ್ತು. ಆ ಬಾಸಿಂಗ ಬೆಳಗಿನಿಂದ ಅವನ ಹುಬ್ಬಿಗೆ ಚುಚ್ಚುತ್ತಿತ್ತು. ಹೇಳಲು ಅವನಿಗೆ ಬಾಯಿ ಇರಲಿಲ್ಲ.

ಇಚಲಕರಂಜಿಯಲ್ಲಿ ಅವಳಿಗೆ ಸಿಕ್ಕ ಕೆಲಸ ಮನೆಯಲ್ಲೇ ಕುಳಿತು ರಾಟೆಯ ಮೇಲೆ ಕಂಡಿಕೆ ಸುತ್ತುವುದು. ಮಗ್ಗದಲ್ಲಿ ಅತ್ತಿಂದಿತ್ತ ಹಾರುವ ಲಾಳಿಯ ಹೊಟ್ಟೆಯೊಳಗೆ ಇಡುವ ನೂಲಿನ ಸುರುಳಿಯೇ ಕಂಡಿಕೆ. ಮನೆಯಲ್ಲೇ ಕುಳಿತು ಎಂಬ ಮಾತು ಉಳಿದ ಹೆಂಗಸರಿಗೆ ಸಲ್ಲುತ್ತದೆ. ಲಗಮವ್ವ ಒಂದು ಕಂಡಿಕೆ ತುಂಬುವಷ್ಟರಲ್ಲಿ ಮೂರು ಸಲ ಎದ್ದು, ಒಲೆ ನೋಡಿ, ಓಣಿ ನೋಡಿ, ಎದುರು ಮನೆಯವರು ಒಣಹಾಕಿದ ಹಪ್ಪಳ ಮಗುಚಿ ಬರುತ್ತಿದ್ದಳು. ಓಣಿಯವರು ಅವಳಿಗೆ ಲಾಳಿ ಎಂದೇ ಹೆಸರಿಟ್ಟರು. ಇದರಿಂದ ಅನ್ಯಾಯವಾದದ್ದು ಲಾಳಿಗೆ. ಮಗ್ಗ ನಿಂತರೆ ಲಾಳಿ ನಿಲ್ಲುತ್ತದೆ.

ಆ ಮನೆಯಲ್ಲಿ ಮೂರನೆಯ ಜೀವ ಗುರಣ್ಣನ ಅಕ್ಕ ಸಾವಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತವಳು ನೆರಳು ಸರಿದರೆ ಮಾತ್ರ ಸರಿಯುತ್ತಿದ್ದಳು. ಅವಳು ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಪುಣ್ಯದ ಆಸೆಗೆ ಅಲ್ಲ. ಸುಳ್ಳು ಕಟ್ಟುವ ದಣಿವು ಅವಳಿಗೆ ಬೇಡವಾಗಿತ್ತು. ಹೀಗಾಗಿ ಓಣಿಯ ಜಗಳಗಳಿಗೆಲ್ಲ ಅವಳೇ ಸಾಕ್ಷಿ, ಅವಳ ಮಾತೇ ಕಡೆಯ ತೀರ್ಪು.

ಸಾವಿರದ ಒಂಬೈನೂರಾ ನಲವತ್ತರ ಶ್ರಾವಣದಲ್ಲಿ ಗುರಣ್ಣನಿಗೆ ವಿಷಮಜ್ವರ ಬಂತು. ಕಷಾಯ ಆಯಿತು, ಡಾಕ್ಟರ ಬಾಟಲಿ ಆಯಿತು, ಹದಿನೆಂಟು ದಿನ ಕಳೆದರೂ ಜ್ವರ ಇಳಿಯಲಿಲ್ಲ. ಹದಿನೆಂಟನೆಯ ಸಂಜೆ ಲಗಮವ್ವ ಹಿತ್ತಲಿಗೆ ಹೋಗಿ ಕೊಲ್ಲಾಪುರದ ದಿಕ್ಕಿಗೆ ಮುಖ ಮಾಡಿ ನಿಂತು ಅಲ್ಲಿಯ ದೇವಿ ಅಂಬಾಬಾಯಿಯ ಜೊತೆ ಮಾತುಕತೆಗೆ ಇಳಿದಳು. ಏನು ಕೊಡುತ್ತೇನೆ ಎನ್ನಬೇಕು? ಸೀರೆ ಎನ್ನೋಣವೆಂದರೆ ಆ ತಾಯಿಗೆ ಸೀರೆಗೇನು ಬರ. ಮಗ್ಗದವನ ಹೆಂಡತಿ ಸೀರೆ ಕೊಟ್ಟರೆ ಅದರಲ್ಲಿ ಹೆಚ್ಚುಗಾರಿಕೆಯೂ ಇಲ್ಲ. ಉರುಳುಸೇವೆ, ನಡಿಗೆ ಇವೆಲ್ಲ ಅವಳಿಗೆ ಆಟವಿದ್ದಂತೆ. ತನಗೆ ಎಲ್ಲಕ್ಕಿಂತ ಕಷ್ಟದ್ದು ಯಾವುದು ಎಂದು ಹುಡುಕಿದಳು. ಹುಡುಕುವುದು ಬೇಕಾಗಿರಲಿಲ್ಲ.

"ತಾಯಿ, ಇವರು ಎದ್ದು ಕುಂತ್ರ ಕೊಲ್ಲಾಪುರಕ್ಕ ಬಂದು ನಿನ್ನ ಕಾಕಡಾರತಿ ನೋಡ್ತೇನಿ. ಆರತಿ ಸುರುವಾಗಿ ಮುಗಿಯೋತನಕ ಒಂದು ಬೆರಳೂ ಅಲ್ಲಾಡಸದಂಗ ನಿಂದರ್ತೇನಿ. ಅಲ್ಲಿಮಟ ಇವರ ಗಡ್ಡಕ್ಕ ಕತ್ತಿ ಮುಟ್ಟಸಂಗಿಲ್ಲ."

ಮೂರನೆಯ ಮಾತಿಗೆ ಗಡ್ಡದ ಒಡೆಯನ ಒಪ್ಪಿಗೆ ಇರಲಿಲ್ಲ. ಅವನು ಒಳಗೆ ಜ್ವರದ ಗುಂಗಿನಲ್ಲಿ ಮಗ್ಗದ ಜೊತೆ ಮಾತಾಡುತ್ತಿದ್ದ. ಆದರೆ ಹಿತ್ತಲ ಬಾಗಿಲಲ್ಲಿ ಸಾವಕ್ಕ ಕುಳಿತಿದ್ದಳು.

"ಏನಂದಿ? ಯಾರು ನಿಂದರೋರು?"

"ನಾನ ನಿಂದರ್ತೇನ್ರಿ ಅಕ್ಕಾರ."

"ಬೆರಳ ಅಲ್ಲಾಡಸದಂಗ?"

"ಹೌದ್ರಿ."

ಸಾವಕ್ಕ ಒಳಗಿದ್ದ ತಮ್ಮನ ಕಡೆ ತಿರುಗಿ ನೋಡಿದಳು. "ಬದುಕ್ತಾನ ತೊಗೊ. ಆದ್ರ ಅವನ ಗಡ್ಡ ಮೊಳಕಾಲಿಗೆ ಬರತೈತಿ."

ಮೂರನೆಯ ದಿನ ಜ್ವರ ಬಿಟ್ಟಿತು. ಅಂಬಾಬಾಯಿ ತನ್ನ ಪಾಲಿನ ಕೆಲಸವನ್ನು ಚೊಕ್ಕಟವಾಗಿ ಮುಗಿಸಿದ್ದಳು. ಉಳಿದದ್ದು ಲಗಮವ್ವನದು.

ಕೊಲ್ಲಾಪುರದ ತಾಯಿಯ ದಿನಚರಿ ಗೊತ್ತಿದ್ದವರಿಗೆ ಈ ಕೆಲಸ ದೊಡ್ಡದಲ್ಲ. ಬೆಳಕು ಹರಿಯುವ ಮೊದಲು ಗುಡಿಯ ಘಾಟಿ ದರವಾಜೆಯ ಗಂಟೆ ಬಾರಿಸುತ್ತದೆ. ಬಾಗಿಲು ತೆರೆಯುತ್ತದೆ. ತಾಯಿಯನ್ನು ಎಬ್ಬಿಸುವ ಮೊದಲ ಬೆಳಕೇ ಕಾಕಡಾರತಿ. ಆಮೇಲೆ ಸ್ನಾನ, ಪೂಜೆ, ಮಧ್ಯಾಹ್ನ ನೈವೇದ್ಯ, ಸಂಜೆ ಧೂಪಾರತಿ, ಎಲ್ಲ ಮುಗಿದ ಮೇಲೆ ತಾಯಿಯನ್ನು ಮಲಗಿಸುವ ಶೇಜಾರತಿ. ದೂರದಿಂದ ಹೋಗುವವರು ಹಿಂದಿನ ಸಂಜೆಗೇ ಊರು ಸೇರಿ ಧರ್ಮಶಾಲೆಯಲ್ಲಿ ಚಾಪೆ ಹಾಸಬೇಕು, ಕೋಳಿಗಿಂತ ಮೊದಲು ಎದ್ದು ಪಂಚಗಂಗೆಯಲ್ಲಿ ಮುಳುಗಿ ಹಸಿಗೂದಲಲ್ಲೇ ಬಂದು ಗರುಡ ಮಂಟಪದ ಕಂಬದ ಹತ್ತಿರ ಜಾಗ ಹಿಡಿಯಬೇಕು. ಬೇಗ ಬಂದವರಿಗೆ ಮುಂದಿನ ಜಾಗ, ನಿದ್ದೆ ಮಾಡಿದವರಿಗೆ ಹಿಂದಿನವರ ಬೆನ್ನು. ಇಷ್ಟೇ ಕಾನೂನು.

ಲಗಮವ್ವನ ತೊಡಕು ಬೇರೆ ಕಡೆ ಇತ್ತು. ಅದು ಕಾಕಡ ಎಂಬ ಮಾತಿನಲ್ಲಿತ್ತು.

ನೂಲದ ತವರುಮನೆಯ ಹಿತ್ತಲಲ್ಲಿ ಒಂದು ಕಾಕಡದ ಬಳ್ಳಿ ಇತ್ತು. ಮಲ್ಲಿಗೆಯ ದಾಯಾದಿ, ಬಿಳಿಯ ಹೂ, ವಾಸನೆ ಕಡಿಮೆ, ಎಸಳು ಜಾಸ್ತಿ. ಕನ್ನಡದ ಬಾಯಿಗೆ ಕಾಕಡ ಎಂದರೆ ಅದೇ. ಆದ್ದರಿಂದ ಕಾಕಡಾರತಿ ಎಂದರೆ ಕಾಕಡದ ಹೂ ಏರಿಸಿ ಬೆಳಗುವ ಆರತಿ ಎಂದು ಅವಳು ಚಿಕ್ಕಂದಿನಿಂದ ನಂಬಿದ್ದಳು. ಯಾರನ್ನೂ ಕೇಳಲಿಲ್ಲ. ಗೊತ್ತಿದ್ದದ್ದನ್ನು ಯಾರು ಕೇಳುತ್ತಾರೆ? ಬಳ್ಳಿಯಲ್ಲಿ ಮೊಗ್ಗು ಬರುವುದನ್ನೇ ಕಾದಳು. ಭಾದ್ರಪದ ಹೋಯಿತು, ದೀಪಾವಳಿ ಹೋಯಿತು, ಗುರಣ್ಣನ ಗಡ್ಡ ಎದೆಗೆ ಇಳಿಯಿತು.

ಗಡ್ಡದ ಜೊತೆಗೆ ಗುರಣ್ಣನ ಯೋಗವೂ ಬದಲಾಯಿತು. ಹುಟ್ಟಿದಾಗಿನಿಂದ ಯಾರೂ ಎರಡನೆಯ ಸಲ ತಿರುಗಿ ನೋಡದ ಮನುಷ್ಯ. ಮಗ್ಗದ ಶೆಡ್ಡಿನಲ್ಲಿ ಈಗ ಅವನಿಗೆ ದಾರಿ ಬಿಡುತ್ತಿದ್ದರು. ಮೊದಲು ತಮಾಷೆಗೆ ಬುವಾ, ಅಂದರೆ ಸಾಧು ಮಹಾರಾಜ, ಎಂದರು, ಎಂಟು ದಿನದಲ್ಲಿ ತಮಾಷೆ ಹೋಗಿ ಬುವಾ ಉಳಿಯಿತು. ಚಹಾದ ಅಂಗಡಿಯವನು ಮೊದಲ ಕಪ್ಪು ಅವನಿಗೇ ಹಿಡಿದ. ಯಾರದೋ ಎಮ್ಮೆ ಹಾಲು ಬಿಡುತ್ತಿರಲಿಲ್ಲ. ಬುವಾ ಅದರ ಬೆನ್ನು ಸವರಿದ, ಮರುದಿನ ಹಾಲು ಬಿಟ್ಟಿತು. ಗುರಣ್ಣ ಮೊದಲಿನಂತೆಯೇ ಏನೂ ಮಾತಾಡುತ್ತಿರಲಿಲ್ಲ, ಆದರೆ ಈಗ ಅದಕ್ಕೆ ಮೌನ ಎಂಬ ಹೆಸರು ಬಂದಿತ್ತು. ನಡುನಡುವೆ ಕಣ್ಣು ಮುಚ್ಚುವುದನ್ನೂ ಅವನು ರೂಢಿಸಿಕೊಂಡ.

ಕಾರ್ತಿಕದ ಕೊನೆಗೆ ನೂಲದಿಂದ ಮೊಗ್ಗಿನ ಸುದ್ದಿ ಬಂತು. ಮೊದಲನೆಯ ದಂಡಯಾತ್ರೆ ಹೊರಟಿತು. ಸೇನಾಪತಿ ಲಗಮವ್ವ, ಸೇನೆ ಸಾವಕ್ಕ. ಹರಕೆಗೆ ಸಾಕ್ಷಿ ಬೇಕಾದ್ದರಿಂದ ಸಾವಕ್ಕನನ್ನು ಕಟ್ಟೆಯಿಂದ ಎಬ್ಬಿಸಲಾಯಿತು. ಕಟ್ಟೆಯ ಮೇಲೆ ಅವಳು ಕೂಡುತ್ತಿದ್ದ ಜಾಗದ ಬಣ್ಣವೇ ಬೇರೆ ಇತ್ತಂತೆ. ನೂಲಕ್ಕೆ ಹೋಗಿ ಒಂದು ಬುಟ್ಟಿ ಮೊಗ್ಗು ಬಿಡಿಸಿ, ಗಡಹಿಂಗ್ಲಜದಲ್ಲಿ ಸರ್ವಿಸ್ ಮೋಟಾರು ಹಿಡಿದು, ಸಂಜೆಗೆ ಕೊಲ್ಲಾಪುರ ಸೇರಿದರು. ಧರ್ಮಶಾಲೆಯಲ್ಲಿ ಲಗಮವ್ವ ಮೊಗ್ಗುಗಳನ್ನು ಮಾಲೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು.

ಬೆಳಗಿನ ಜಾವ ದೂರದಲ್ಲಿ ಗಂಟೆ ಬಾರಿಸಿತು.

"ಲಗಮಿ, ಗಂಟಿ ಬಾರಸಾಕತ್ತಾರ."

"ಅದು ದೇವಿನ್ನ ಏಳಸೋ ಗಂಟಿ ಅಕ್ಕಾರ. ಹೂವ ಇನ್ನೂ ಅರಳಿಲ್ಲ. ಮೊಗ್ಗಿನ ಆರತಿ ಯಾರರ ಮಾಡ್ತಾರೇನು?"

ಚಳಿಗೆ ಮೊಗ್ಗುಗಳು ಬಾಯಿ ಬಿಡಲಿಲ್ಲ. ಲಗಮವ್ವ ಅವುಗಳ ಮೇಲೆ ಬೆಚ್ಚನೆಯ ಉಸಿರು ಬಿಟ್ಟಳು. ಬುಟ್ಟಿ ಎತ್ತಿಕೊಂಡು ಅಂಗಳಕ್ಕೆ ಹೋದಳು, ಒಳಗೆ ತಂದಳು, ಮತ್ತೆ ಅಂಗಳಕ್ಕೆ ಹೋದಳು. ಬಿಸಿಲು ಬಿದ್ದು ಹೂ ಬಿರಿದ ಮೇಲೆ ಗೆದ್ದವಳ ಹಾಗೆ ಹೊರಟು ಗುಡಿ ಮುಟ್ಟಿದಾಗ ಒಂಬತ್ತು ಗಂಟೆ. ಗರುಡ ಮಂಟಪದಲ್ಲಿ ಒಬ್ಬ ಮುದಿ ಸೇವೇಕರಿ ನೆಲ ಒರೆಸುತ್ತಿದ್ದ.

"ಕಾಕಡಾ ಎಷ್ಟೊತ್ತಿಗ್ರಿ?" ಎಂದಳು ಲಗಮವ್ವ.

"ಕಾಕಡಾ ಝಾಲಾ, ಬಾಯಿ," ಎಂದ ಅವನು ತಲೆ ಎತ್ತದೆ. ಮುಗಿಯಿತು ಎಂದರ್ಥ.

"ಹ್ಯಾಂಗ ಮುಗೀತರೀ? ಕಾಕಡಾ ಇಲ್ಲೇ ಐತಲ್ಲ," ಎಂದು ಲಗಮವ್ವ ಬುಟ್ಟಿಯ ಮುಚ್ಚಳ ತೆಗೆದಳು.

ಮುದುಕ ಹೂ ನೋಡಿದ, ಅವಳ ಮುಖ ನೋಡಿದ. ಗಡಿಯ ಭಕ್ತರ ಜೊತೆ ಆಯುಷ್ಯ ಕಳೆದವನಿಗೆ ನಮ್ಮ ಮಾತೂ ಬರುತ್ತಿತ್ತು. ನಗಬಾರದೆಂದು ಅವನು ಕೆಮ್ಮಿದ. ಒಳಗೆ ಹೋಗಿ, ಒಂದು ತುದಿ ಸುಟ್ಟು ಕಪ್ಪಾದ, ತೋರುಬೆರಳಿಗಿಂತ ದಪ್ಪನೆಯ ಬಟ್ಟೆಯ ಬತ್ತಿಯೊಂದನ್ನು ತಂದು ತೋರಿಸಿದ. "ಹಾ ಬಘಾ ಕಾಕಡಾ. ಇದು ತಾಯಿ, ಕಾಕಡಾ ಅಂದ್ರ. ಅರಿವಿ ಇಲ್ಲಾ ನೂಲು ಹೊಸೆದು, ತುಪ್ಪದಾಗ ಅದ್ದಿ, ಹಚ್ಚೋದು. ಹೂವಲ್ಲ."

ಲಗಮವ್ವ ಅದನ್ನು ನೋಡಿದಳು. ಮಗ್ಗದವನ ಹೆಂಡತಿ, ಹಗಲೆಲ್ಲ ನೂಲಿನಲ್ಲಿ ಮುಳುಗಿದವಳು. ಅರಿವೆಯ ಬತ್ತಿಯೊಂದನ್ನು ಹೂವೆಂದು ನಾಲ್ಕು ತಿಂಗಳು ಕಾದಿದ್ದಳು.

"ಇಂಥಾದ್ದು ನಮ್ಮ ಓಣ್ಯಾಗ ಕಾಲಿಗೆ ತೊಡಕ್ಯಾಡತೈತ್ರಿ," ಎಂದಳು ಸಣ್ಣ ದನಿಯಲ್ಲಿ.

ಸಾವಕ್ಕ ಹೂವಿನ ಮಾಲೆಯನ್ನು ಎತ್ತಿ ಮುದುಕನ ಕೈಗಿತ್ತಳು. "ತೊಗೋರಿ, ಹೂವಿನಾಗ ಏನು ತಪ್ಪಿಲ್ಲ. ತಪ್ಪು ತಂದವರದು."

ಎರಡನೆಯ ದಂಡಯಾತ್ರೆ ಮಾಘದಲ್ಲಿ. ಈ ಸಲ ಹೂವಿನ ಗೊಡವೆ ಇರಲಿಲ್ಲ. ಹಾತಕಣಂಗಲೆಯ ಸ್ಟೇಶನ್ನಿನವರೆಗೆ ಚಕ್ಕಡಿ, ಅಲ್ಲಿಂದ ರೈಲು. ಡಬ್ಬಿಯೊಳಗೆ ಈ ತುದಿಯಿಂದ ಆ ತುದಿಗೆ ನಡೆದದ್ದನ್ನು ಹಿಡಿದರೆ ಲಗಮವ್ವ ಕೊಲ್ಲಾಪುರಕ್ಕೆ ಅರ್ಧ ರೈಲಿನಲ್ಲಿ, ಅರ್ಧ ಕಾಲ್ನಡಿಗೆಯಲ್ಲಿ ಬಂದಳು. ಗಂಟೆಗಿಂತ ಮೊದಲೇ ಎದ್ದು, ಹೊಳೆಯಲ್ಲಿ ಮಿಂದು, ಕಂಬದ ಹತ್ತಿರ ಮುಂದಿನ ಜಾಗ ಹಿಡಿದಳು. ಬಾಗಿಲು ತೆರೆಯಿತು. ಕತ್ತಲೆಯ ಗರ್ಭಗುಡಿಯಲ್ಲಿ ಕಾಕಡ ಹೊತ್ತಿತು. ಲಗಮವ್ವ ಎರಡೂ ಕೈ ಜೋಡಿಸಿ ಕಲ್ಲಾದಳು.

ಕಲ್ಲು ಅರ್ಧ ಆರತಿಯವರೆಗೆ ತಡೆಯಿತು.

ಆಗ ಅವಳ ಕಣ್ಣು ಕಾಕಡದ ಮೇಲೆ ಬಿತ್ತು. ಅವತ್ತಿನ ಬತ್ತಿಯ ಹುರಿ ಸಡಿಲವಾಗಿತ್ತು. ಯಾರೋ ಭಕ್ತರು ಪ್ರೀತಿಯಿಂದ ಹೊಸೆದು ತಂದದ್ದು, ಆದರೆ ಎಳೆಗಳನ್ನೂ ಬಲಕ್ಕೆ ಹೊಸೆದು, ಎಳೆಗಳ ಜೋಡಿಯನ್ನೂ ಬಲಕ್ಕೇ ಹೊಸೆದಿದ್ದರು. ನೂಲಿನ ಮನೆಯವರಿಗೆ ಗೊತ್ತು, ಅಂಥ ಹುರಿ ನಿಲ್ಲುವುದಿಲ್ಲ. ಎಳೆ ಎಡಕ್ಕೆ ತಿರುವಿದರೆ ಜೋಡಿ ಬಲಕ್ಕೆ ತಿರುವಬೇಕು. ಒಂದು ಬಿಚ್ಚಲು ಹೋದರೆ ಇನ್ನೊಂದು ಬಿಗಿಯುತ್ತದೆ. ದೇವಿಯ ಮುಂದೆ ಕಾಕಡ ಮೆಲ್ಲಗೆ ಬಿಚ್ಚಿಕೊಳ್ಳತೊಡಗಿತು. ಒಂದು ಉರಿಯುವ ಎಳೆ ಜೋತುಬಿತ್ತು. ಲಗಮವ್ವನ ಜೋಡಿಸಿದ ಕೈಗಳೊಳಗೆ ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳಿತು. ಇನ್ನೊಮ್ಮೆ ಉರುಳಿತು. ಆಮೇಲೆ ಕೈಗಳು ಬೇರೆಯಾಗಿ, ಗಾಳಿಯಲ್ಲಿ ಇಲ್ಲದ ಬತ್ತಿಯೊಂದನ್ನು ಸರಸರನೆ ಹೊಸೆಯತೊಡಗಿದವು.

"ಅಲ್ಲಾಡಿದಿ," ಎಂದಳು ಸಾವಕ್ಕ ಪಕ್ಕದಿಂದ.

"ಹುರಿ ನೋಡ್ರಿ ಅಕ್ಕಾರ, ಹುರಿ ನೋಡ್ರಿ."

"ಹುರಿ ನಂಗೇನು ಗೊತ್ತಾಗತೈತಿ. ಬೆರಳ ಕಂಡ್ನಿ, ಹೇಳಿದ್ನಿ."

ಆರತಿಯೇನೋ ಸುಸೂತ್ರವಾಗಿ ಮುಗಿಯಿತು, ಆದರೆ ಗುರಣ್ಣನ ಗಡ್ಡ ಉಳಿಯಿತು. ಊರಿಗೆ ಬಂದ ಸಾವಕ್ಕ ಓಣಿಗೆಲ್ಲ ಒಂದೇ ಮಾತಿನಲ್ಲಿ ವರದಿ ಒಪ್ಪಿಸಿ ಕಟ್ಟೆಯ ಮೇಲೆ ಕುಳಿತಳು. ಗುರಣ್ಣ ಸುದ್ದಿ ಕೇಳಿ ನಿಟ್ಟುಸಿರು ಬಿಟ್ಟ. ಅದು ದುಃಖದ್ದು ಎಂದು ಲಗಮವ್ವ ತಿಳಿದಳು. ಅವನು ಆಗಲೇ ಕನ್ನಡಿ ತೆಗೆದು ಗಡ್ಡವನ್ನು ಎರಡಾಗಿ ಬಾಚುತ್ತಿದ್ದ.

ಚೈತ್ರದ ಒಂದು ಗುರುವಾರ ಮಗ್ಗದ ಮಾಲಕ ಭಾವುಸಾಹೇಬ ಗುರಣ್ಣನನ್ನು ಕರೆಸಿದ. ಭಾವುಸಾಹೇಬ ಜೈನರ ಮನೆತನದವನು, ಇಲ್ಲಿಯವನೇ, ಮೆತ್ತಗೆ ಮಾತಾಡುವ ಮನುಷ್ಯ. ಅವನ ಮುಂದೆ ಒಂದು ಸೀರೆ ಬಿಚ್ಚಿ ಹಾಸಿತ್ತು.

"ಗುರಣ್ಣಾ, ಈ ದಡಿಯಾಗ ಏನೈತಿ ನೋಡು."

ಗುರಣ್ಣ ಬಗ್ಗಿ ನೋಡಿದ. ಹಸಿರು ದಡಿಯ ನಡುವೆ, ಹೊಕ್ಕಿನ ಅಡ್ಡ ಎಳೆಗಳ ಜೊತೆ ಅಚ್ಚುಕಟ್ಟಾಗಿ ನೇಯ್ದುಕೊಂಡು ನಾಲ್ಕು ಬೆರಳುದ್ದದ ಕಪ್ಪು ಕೂದಲೊಂದು ಮಲಗಿತ್ತು.

"ಕೂದಲ್ರಿ ಸಾಹೇಬರ."

"ಯಾರದು?"

ಗುರಣ್ಣ ಗಡ್ಡ ಸವರಿಕೊಂಡ. "ನಂದ ಇರಬೇಕ್ರಿ."

"ನಿಪ್ಪಾಣಿ ಅಂಗಡಿಯವ ಬರದಾನ. ಸೀರಿ ಭಾಳ ಚಲೋ ಐತಿ, ಇನ್ನೊಂದು ಸಲ ಗಡ್ಡ ಇಲ್ಲದ್ದು ಕಳಸ್ರಿ ಅಂತ." ಭಾವುಸಾಹೇಬ ಸೀರೆ ಮಡಚಿದ. "ಮೊನ್ನಿ ಮಗ್ಗಾ ತಿರಗಸೋ ಪಟ್ಟಾದಾಗೂ ಗಡ್ಡ ಸಿಗಬೀಳತಿತ್ತಂತ. ತಲಿ ಹೋಗತಿತ್ತು ನಿಂದು. ನೋಡು, ನಾವೂ ನೇಮದವರು. ಹೊತ್ತು ಮುಣಗಿದ ಮ್ಯಾಲ ಹನಿ ನೀರು ಮುಟ್ಟೂದಿಲ್ಲ. ನಿಮ್ಮ ಹರಕಿ ಮುರೀರಿ ಅಂತ ನನ್ನ ಬಾಯಿಲೆ ಬರೂದಿಲ್ಲ. ಆದ್ರ ಸೋಮವಾರ ನನ್ನ ಶೆಡ್ಡಿನಾಗ ಗಡ್ಡ ಬರಬಾರದು. ಗಡ್ಡ ಬಂದ್ರ ನೀ ಬರಬ್ಯಾಡ. ಯಡ್ರಾವದಿಂದ ಇಬ್ಬರು ಕೆಲಸ ಕೇಳಿ ಹೋಗ್ಯಾರ."

"ಗಡ್ಡ ಬಿಟ್ಟು ನಾ ಒಬ್ಬಾವ ಹ್ಯಾಂಗ ಬರಲ್ರಿ?"

"ಅದನ್ನ ನಿನ್ನ ಹೆಂಡತಿನ್ನ ಕೇಳು."

ಯುದ್ಧದ ವರ್ಷ. ಬಟ್ಟೆಗೆ ಬೇಡಿಕೆ ಏರಿತ್ತು, ಮಗ್ಗಗಳು ಎರಡೂ ಪಾಳಿ ಓಡುತ್ತಿದ್ದವು, ಕೈಬಿಟ್ಟ ಮಗ್ಗಕ್ಕೆ ಗಳಿಗೆಯೊಳಗೆ ಇನ್ನೊಬ್ಬ ಬಂದು ನಿಲ್ಲುತ್ತಿದ್ದ. ಗುರಣ್ಣನಿಗೆ ಬರುತ್ತಿದ್ದದ್ದು ಅದೊಂದೇ ಕೆಲಸ. ಅವನು ಮನೆಗೆ ಬಂದು ಮಾಲಕನ ಮಾತನ್ನು ಅಂದದ್ದು ಅಂದಂತೆ ಹೇಳಿ, ಮೂಲೆಯಲ್ಲಿ ಕುಳಿತು ಕಣ್ಣು ಮುಚ್ಚಿದ. ಈ ಸಲ ರೂಢಿಗೆ ಅಲ್ಲ.

"ಗಡ್ಡ ತೆಗಸ್ರಿ," ಎಂದಳು ಲಗಮವ್ವ. ಮರುಗಳಿಗೆಯೇ, "ಬ್ಯಾಡ್ರಿ," ಎಂದಳು. "ಜೀವಾ ಉಳಿಸ್ಯಾಳ ಆ ತಾಯಿ. ಕೊಟ್ಟ ಮಾತು ನುಂಗಿದ್ರ ಮತ್ತ ಜ್ವರ ಬಂದೀತು." ಓಣಿಯ ಆ ತುದಿಗೆ ಹೋಗಿ ಬಂದಳು. ಈ ತುದಿಗೆ ಹೋಗಿ ಬಂದಳು. ನಾಲ್ಕನೆಯ ಸುತ್ತಿಗೆ ಬಾಗಿಲಲ್ಲಿ ನಿಂತು ಅವಳು ಕೇಳಿದ ಮಾತು ಗಂಡನಿಗೆ ಅರ್ಥವಾಗಲಿಲ್ಲ. "ಹೊಸಾ ಲಡಿ ಒಂದು ಸಿಗತೈತೇನ್ರಿ? ಯಾರೂ ಕೈ ಹಚ್ಚಲಾರದ್ದು?"

ಶುಕ್ರವಾರ ಅವಳು ತಲೆಗೆ ಎರೆದುಕೊಂಡು, ಉಪವಾಸವಿದ್ದು, ಗುರಣ್ಣ ತಂದ ಬಿಳಿ ನೂಲಿನ ಲಡಿಯನ್ನು ತೊಳೆದು ಒಣಗಿಸಿದಳು. ಹುರಿ ಹಾಕಬೇಕಾದರೆ ಒಂದು ತುದಿಯನ್ನು ಅಲುಗಾಡದ ಗೂಟಕ್ಕೆ ಕಟ್ಟಬೇಕು. ಆ ತುದಿಯನ್ನು ಸಾವಕ್ಕನ ಕೈಗೆ ಕೊಟ್ಟಳು. ಅಷ್ಟು ಒಳ್ಳೆಯ ಗೂಟ ಇಚಲಕರಂಜಿಯಲ್ಲಿ ಇನ್ನೊಂದಿರಲಿಲ್ಲ. ಇನ್ನೊಂದು ತುದಿ ಹಿಡಿದು ಲಗಮವ್ವ ಓಣಿಯುದ್ದಕ್ಕೂ ನಡೆದಳು, ಹೊಸೆಯುತ್ತ ಮರಳಿದಳು, ಮತ್ತೆ ನಡೆದಳು. ಎಳೆಗಳಿಗೆ ಎಡಹುರಿ, ಜೋಡಿಗೆ ಬಲಹುರಿ, ಜೋಡಿಗಳ ಜೋಡಿಗೆ ಮತ್ತೆ ಎಡಹುರಿ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಎದುರು ಮನೆಯವರ ಹಪ್ಪಳ ಅವತ್ತು ಒಂದೇ ಮಗ್ಗುಲಿಗೆ ಒಣಗಿ ಮುರಿದುಹೋದವು. ಸಂಜೆಗೆ ಅವಳ ಕೈಯಲ್ಲಿ ಒಂದು ಮೊಳದ, ಹಗ್ಗದಂತೆ ಗಟ್ಟಿಯಾದ, ಬೆಣ್ಣೆಯಂತೆ ನುಣುಪಾದ ಕಾಕಡ ಇತ್ತು.

ಶನಿವಾರ ಹೊರಟು, ರವಿವಾರದ ಬೆಳಗಿನ ಜಾವ ಲಗಮವ್ವ, ಸಾವಕ್ಕ ಇಬ್ಬರೂ ಗುಡಿಯಲ್ಲಿದ್ದರು. ಮುದಿ ಸೇವೇಕರಿ ದೂರದಿಂದಲೇ ಗುರುತು ಹಿಡಿದ.

"ಹೂವಿನ ಬಾಯಿ ಬಂದ್ರು. ಈ ಸಲ ಬುಟ್ಟ್ಯಾಗ ಏನೈತಿ? ಶಾವಂತಗಿ?"

ಲಗಮವ್ವ ಸೆರಗಿನ ಮಡಿಲಿನಿಂದ ಕಾಕಡ ತೆಗೆದು ಎರಡೂ ಕೈಯಲ್ಲಿ ಹಿಡಿದಳು. ಮುದುಕ ಅದನ್ನು ಬೆಳಕಿಗೆ ಹಿಡಿದು ನೋಡಿದ. ಬಿಚ್ಚಲು ಹೋದ, ಅದು ಬಿಗಿಯಿತು. ಇನ್ನೊಂದು ಕಡೆಗೆ ಬಿಚ್ಚಲು ಹೋದ, ಅದು ಇನ್ನೂ ಬಿಗಿಯಿತು.

"ಕುಣೀ ವಳಲಾ?" ಎಂದ. ಯಾರು ಹೊಸೆದದ್ದು ಎಂದು.

"ನಾನ ಹೊಸೆದೇನ್ರಿ. ಗೂಟ ಇವರು."

"ಇವತ್ತ ಹಚ್ಚಬೇಕೇನು?"

"ಇವತ್ತ ಹಚ್ಚಬೇಕ್ರಿ. ನಾಳಿ ಸೋಮವಾರ."

ಸೋಮವಾರಕ್ಕೂ ಕಾಕಡಕ್ಕೂ ಏನು ಸಂಬಂಧ ಎಂದು ಮುದುಕ ಕೇಳಲಿಲ್ಲ. ಇಂಥ ಮುಖಗಳನ್ನು ಅವನು ಬಹಳ ನೋಡಿದ್ದ. ಒಳಗೆ ಹೋಗಿ ಪೂಜಾರಿಯ ಜೊತೆ ಏನೋ ಮಾತಾಡಿ, ಬರಿಗೈಯಲ್ಲಿ ಹೊರಗೆ ಬಂದು ಆಯಿತೆಂದು ತಲೆಯಾಡಿಸಿದ.

ಬಾಗಿಲು ತೆರೆಯಿತು. ಗಂಟೆ, ಜಾಗಟೆ ಎದ್ದವು. ಕತ್ತಲೆಯಲ್ಲಿ ಮೊದಲು ಒಂದು ಕಿಡಿ ಕಂಡಿತು, ಆಮೇಲೆ ನೆಟ್ಟಗೆ ಏರಿದ ಒಂದು ಜ್ವಾಲೆ. ಲಗಮವ್ವ ಉಸಿರು ಹಿಡಿದಳು. ತನ್ನ ಕೈಯ ನೂಲು ತಾಯಿಯ ಮುಖದ ಮುಂದೆ ಉರಿಯುತ್ತಿತ್ತು. ಬಿಚ್ಚಿದರೆ? ಒಂದು ಎಳೆ ಜೋತುಬಿದ್ದರೆ? ಕೊನೆಯ ಜೋಡಿಗೆ ಹುರಿ ಕಡಿಮೆಯಾಯಿತೇ? ಆ ಎಂಟನೆಯ ಎಳೆಯಲ್ಲಿ ಒಂದು ಗಂಟು ಇತ್ತಲ್ಲ, ಅಲ್ಲಿಗೆ ಬೆಂಕಿ ಬಂದಾಗ ಏನಾದೀತು? ಕಾಕಡ ಮೇಲೆ ಹೋಯಿತು, ಕೆಳಗೆ ಬಂತು, ಸುತ್ತಿತು. ಬೆಂಕಿ ಗಂಟಿಗೆ ಬಂತು. ಒಂದು ಗಳಿಗೆ ಜ್ವಾಲೆ ಕುಗ್ಗಿತು. ಲಗಮವ್ವನ ಹಸಿಗೂದಲಿನಿಂದ ಒಂದು ಹನಿ ಹಣೆಗೆ ಇಳಿದು, ಮೂಗಿನ ಮೇಲೆ ಹರಿದು, ತುದಿಯಲ್ಲಿ ನಿಂತಿತು. ಅವಳು ಒರೆಸಿಕೊಳ್ಳಲಿಲ್ಲ. ಆ ಹನಿ ಅವಳಿಗೆ ಗೊತ್ತೇ ಆಗಲಿಲ್ಲ. ಗಂಟು ದಾಟಿ ಜ್ವಾಲೆ ಮತ್ತೆ ನೆಟ್ಟಗಾಯಿತು. ಹುರಿ ಹಿಡಿದಿತ್ತು. ನಲವತ್ತು ವರ್ಷ ಅವಳ ಕೈಕಾಲುಗಳಲ್ಲಿ ಓಡಾಡಿದ ಚಡಪಡಿಕೆಯೆಲ್ಲ ಶುಕ್ರವಾರವೇ ಆ ಬತ್ತಿಗೆ ಸುತ್ತಿಹೋಗಿತ್ತು. ಅವಳ ಮೈಯಲ್ಲಿ ಅಲ್ಲಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಆರತಿ ಮುಗಿಯಿತು. ಜಾಗಟೆ ನಿಂತಿತು. ಜನ ಮುಂದೆ ಸರಿದರು. ಲಗಮವ್ವ ಸರಿಯಲಿಲ್ಲ.

"ಬಾಯಿ, ಪುಢೇ ಚಲಾ," ಎಂದರು ಹಿಂದಿನವರು. ಮುಂದೆ ನಡೆಯಿರಿ ಎಂದು. ಅವಳು ನಡೆಯಲಿಲ್ಲ. ಸಾಲು ಗರುಡ ಮಂಟಪ ದಾಟಿ ಬೆಳೆಯಿತು. ಯಾರೋ ಗೊಣಗಿದರು, ಯಾರೋ ಮೈಮೇಲೆ ದೇವಿ ಬಂದಿರಬೇಕೆಂದು ಕೈ ಮುಗಿದರು.

"ಲಗಮಿ, ನಡೀ. ಮುಗೀತು."

ಲಗಮವ್ವ ತುಟಿ ಅಲ್ಲಾಡಿಸದೆ ಕೇಳಿದಳು. "ಖರೇನ ಮುಗೀತೇನ್ರಿ ಅಕ್ಕಾರ?"

"ಮುಗೀತು. ನಾ ಯಾವತ್ತರ ಸುಳ್ಳು ಹೇಳೇನೇನು?"

"ಅಲ್ಲಾಡಿದ್ನೇನ್ರಿ?"

"ಇಲ್ಲ."

ಆದರೂ ಅವಳ ಕಾಲು ಬರಲಿಲ್ಲ. ಎರಡೂ ಜೋಮು ಹಿಡಿದಿದ್ದವು. ಆಗ, ಜೀವಮಾನದಲ್ಲಿ ತಾನಾಗಿ ಒಂದು ತಂಬಿಗೆಯನ್ನೂ ಸರಿಸದ ಸಾವಕ್ಕ ತಮ್ಮನ ಹೆಂಡತಿಯ ಬೆನ್ನಿಗೆ ಎರಡೂ ಕೈ ಕೊಟ್ಟು ನೂಕಿದಳು. ಇಚಲಕರಂಜಿಯ ಲಾಳಿಯನ್ನು ಇಚಲಕರಂಜಿಯ ಗೂಟ ನೂಕಿಕೊಂಡು ಗುಡಿಯ ಹೊರಗೆ ಬಂತು.

ಹೊರಗೆ ಕಟ್ಟೆಯ ಮೇಲೆ ಕುಳಿತು ಕಾಲು ತಿಕ್ಕಿಕೊಳ್ಳುತ್ತ ಲಗಮವ್ವ ಕೇಳಿದಳು. "ಅಕ್ಕಾರ, ತಾಯಿ ಮಾರಿ ಹ್ಯಾಂಗಿತ್ರಿ ಇವತ್ತ?"

"ನಂಗೇನು ಗೊತ್ತು. ನಾ ನಿನ್ನ ಬೆರಳ ನೋಡಾಕತ್ತಿದ್ನಿ. ನೀ ನೋಡಿಲ್ಲೇನು?"

"ನಾ ಕಾಕಡಾ ನೋಡಾಕತ್ತಿದ್ನ್ರಿ."

ಮೂರು ಸಲ ಕೊಲ್ಲಾಪುರಕ್ಕೆ ಬಂದು ಇಬ್ಬರೂ ದೇವಿಯನ್ನೇ ಕಂಡಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎದ್ದು, ಹಿಂದಿರುಗಿ, ಸಾಲಿನ ಕೊನೆಯಲ್ಲಿ ನಿಂತರು. ಈ ಸಲ ಲಗಮವ್ವ ಮನಸೋಕ್ತ ಅಲ್ಲಾಡಿದಳು. ಮುಂದಿನವಳ ಸೆರಗು ಸರಿಮಾಡಿದಳು, ಹಿಂದಿನವಳ ತೆಂಗಿನಕಾಯಿ ಹಿಡಿದಳು, ಹೊಸ್ತಿಲಿಗೆ ಹಣೆ ಮುಟ್ಟಿಸಿ ತಾಯಿಯನ್ನು ಕಂಡಳು.

ಅವತ್ತೇ ಸಂಜೆ ಇಚಲಕರಂಜಿಯ ಓಣಿಯಲ್ಲಿ ಬೇವಿನ ಗಿಡದ ಕೆಳಗೆ ನಾವಲಿಗ ಕತ್ತಿ ಮಸೆದ. ಓಣಿಯೆಲ್ಲ ನೆರೆದಿತ್ತು. ಸಾವಕ್ಕ ಕಟ್ಟೆಯ ಮೇಲಿನಿಂದ, "ಅಲ್ಲಾಡಿಲ್ಲ," ಎಂದು ಒಂದೇ ಮಾತು ಹೇಳಿದಳು, ಅದಕ್ಕೆ ಯಾರೂ ಎದುರಾಡಲಿಲ್ಲ. ಲಗಮವ್ವ ಸೋಪಿನ ನೀರು ತಂದಳು, ಕನ್ನಡಿ ತಂದಳು, ನಾವಲಿಗನಿಗೆ ಇಲ್ಲಿ ಉಳಿದೈತಿ, ಅಲ್ಲಿ ಉಳಿದೈತಿ ಎಂದು ಬೆರಳು ಮಾಡಿ ತೋರಿಸಿದಳು. ಕೆಳಗೆ ಬಿದ್ದ ಗಡ್ಡವನ್ನು ಗುರಣ್ಣ ಬಹಳ ಹೊತ್ತು ನೋಡಿದ. ಕಣ್ಣಲ್ಲಿ ನೀರು ನಿಂತಿತ್ತು. ಕೆಲಸ ಉಳಿದ ಸಂತೋಷಕ್ಕೆ ಎಂದು ಓಣಿಯವರು ತಿಳಿದರು.

ಸೋಮವಾರ ಬೆಳಿಗ್ಗೆ ಗುರಣ್ಣ ಪಾಳಿಗೆ ಹೋದ. ಬಾಗಿಲಲ್ಲಿ ನಿಂತಿದ್ದ ಭಾವುಸಾಹೇಬ ಅವನನ್ನು ನೋಡಿ ಒಂದು ಗಳಿಗೆ ಯಾರೆಂದು ತಿಳಿಯದೆ, ಯಡ್ರಾವದವನೇನು ಎಂದು ಕೇಳಿ, ಆಮೇಲೆ ನಕ್ಕು ಒಳಗೆ ಬಿಟ್ಟ. ಮಗ್ಗ ತಿರುಗಿತು. ಬಿಡುವಿನಲ್ಲಿ ಚಹಾದ ಅಂಗಡಿಯಲ್ಲಿ ಗುರಣ್ಣ ಎಂದಿನ ಜಾಗದಲ್ಲಿ ಕುಳಿತು ಕಣ್ಣು ಮುಚ್ಚಿದ. ತೆರೆದಾಗ ಮುಂದೆ ಕಪ್ಪು ಇರಲಿಲ್ಲ.

"ಏ ಗುರ್ಯಾ, ಅಲ್ಲಿ ಅಡ್ಡ ಕುಂತ್ರ ಹ್ಯಾಂಗ? ಸರಿ ಆಕಡೆ," ಎಂದ ಅಂಗಡಿಯವನು.

ಸಂಜೆ ಮನೆಗೆ ಬಂದ ಗುರಣ್ಣ ಮುಖ ತೊಳೆದು, ಬೋಳು ಗದ್ದವನ್ನು ಸವರಿಕೊಳ್ಳುತ್ತ ಬಾಗಿಲಲ್ಲಿ ಕಣ್ಣು ಮುಚ್ಚಿ ಕುಳಿತ. ಆಮೇಲೆ, ರಾಟೆಯ ಸದ್ದು ಬರುತ್ತಿದ್ದ ಒಳಗಿನ ಕಡೆ ತಿರುಗಿ, ಹೆಂಡತಿಗೆ ಕೇಳುವಂತೆ ಹೇಳಿದ. "ಲಗಮೀ, ಅಕ್ಕಗ ಮೊಳಕಾಲ ನೋವು ಸುರುವಾಗೇತಿ ಕಾಣಸತೈತಿ. ತಾಯಿಗೆ ಏನರೆ ಒಂದು ಹರಕಿ ಹೊರೂದು ನೋಡು."

"ನಂಗ ಯಾವ ಮೊಳಕಾಲೂ ನೋಯೂದಿಲ್ಲ," ಎಂದಳು ಕಟ್ಟೆಯ ಮೇಲಿನ ಸಾವಕ್ಕ.

ಲಗಮವ್ವನಿಗೆ ಇದೊಂದೂ ಕೇಳಿಸಲಿಲ್ಲ. ರಾಟೆ ಒಂದೇ ತಿರುಗುತ್ತಿತ್ತು. ಅವಳು ಆಗಲೇ ಎದುರು ಮನೆಯವರ ಹಪ್ಪಳ ಮಗುಚಲು ಹೋಗಿದ್ದಳು.